ಇಲ್ರಿ ಎನ್ನುವ ಪಾಠ

ಧೈರ್ಯ ಕಲಿಸಲು ಹೋಗಿ ನಾನೇ ಹೆದರಿಕೊಂಡು ಮನೆಗೆ ಬರುವುದು ನನ್ನ ನೌಕರಿಯಲ್ಲಿ ಹೊಸದೇನಲ್ಲ. ಎಂಬತ್ತರ ದಶಕದ ಕೊನೆಗೆ ಚಿಕ್ಕೋಡಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದೆ. ನಮ್ಮ ಕಡೆಯ ಬೀಡಿ ಕಟ್ಟುವವರ, ಹೊಲ ಮಾಡುವವರ ಮಕ್ಕಳೂ ಬಿ.ಎಸ್ಸಿ. ಮುಗಿಸಿ ಬೆಂಗಳೂರಿನ ದೊಡ್ಡ ಸಂಶೋಧನಾ ಸಂಸ್ಥೆಗೆ ಸೇರಬೇಕು, ರೋಗಗಳ ಮೇಲೆ ಪಿಎಚ್.ಡಿ. ಮಾಡಬೇಕು ಎಂಬ ಹುಚ್ಚು ತಲೆಗೇರಿ ಭಾನುವಾರದ ತರಗತಿ ಶುರುಮಾಡಿದೆ. ಪ್ರಯೋಗಾಲಯದ ಕೀಲಿ ಕೊಡುವಾಗ ಪ್ರಿನ್ಸಿಪಾಲರು, ಈ ವರ್ಷ ಒಬ್ಬರಾದರೂ ಆಯ್ಕೆಯಾಗದಿದ್ದರೆ ಕೀಲಿ ವಾಪಸು ಎಂದರು. ಅಂದಿನಿಂದ ನನಗೆ ನಿದ್ದೆ ಹತ್ತಲಿಲ್ಲ.

ಬಿಳಿ ಇಲಿಗಳು

ಬೆಳಗಾವಿಯಿಂದ ಬಿಳಿ ಇಲಿಗಳನ್ನು ಪಂಜರದಲ್ಲಿ ಹಾಕಿ, ಟವೆಲ್ ಮುಚ್ಚಿ ಬಸ್ಸಿನಲ್ಲಿ ತಂದೆ. ಒಳಗೇನಿದೆ ಎಂದು ಕಂಡಕ್ಟರ್ ಕೇಳಿದ. ಇಲಿ ಎಂದರೆ ನಡುದಾರಿಯಲ್ಲಿ ಇಳಿಸಿಯಾನು ಎಂಬ ಅಂಜಿಕೆಗೆ, ಬೆಳಗಾವಿಯ ಸಿಹಿತಿಂಡಿ, ಕುಂದಾ ಎಂದುಬಿಟ್ಟೆ. ಸಂಕೇಶ್ವರದ ಹತ್ತಿರ ಕುಂದಾ ಕಿರುಚಿತು. ಕಂಡಕ್ಟರ್ ಸೀಟಿನ ಮೇಲೆ ಕಾಲು ಎತ್ತಿಟ್ಟುಕೊಂಡವನು ಚಿಕ್ಕೋಡಿವರೆಗೆ ಕೆಳಗಿಳಿಸಲಿಲ್ಲ.

ಭಾನುವಾರ ಇಲಿ ಹಿಡಿಯುವುದನ್ನು ಹುಡುಗರಿಗೆ ತೋರಿಸಬೇಕಿತ್ತು. ಕಪ್ಪೆ, ಜಿರಲೆ ಹಿಡಿದಿದ್ದೆ, ಇಲಿ ಮಾತ್ರ ಇಲ್ಲ. ಕೈ ಒಳಗೆ ಹಾಕಿದೆ, ಅದು ಹಲ್ಲು ತೋರಿಸಿತು, ಕೈ ಹೊರಗೆ ಬಂತು. ಮೊದಲು ಪ್ರಾಣಿಯ ಸ್ವಭಾವ ಗಮನಿಸಬೇಕು ಎಂದು ಗಂಭೀರವಾಗಿ ಹೇಳಿ ಕೂತೆ. ಎಲ್ಲರೂ ಗಮನಿಸುತ್ತ ಕೂತರು. ಕಡೆಗೆ ನಿಪ್ಪಾಣಿಯಿಂದ ಬರುತ್ತಿದ್ದ ಹುಡುಗಿ ಎದ್ದು ನಿಂತಳು. ತಂಬಾಕಿನ ಧೂಳು ಕುಡಿದು ಕೆಮ್ಮುವ ತಾಯಿಯ ಮಗಳು, ಆ ಕೆಮ್ಮು ಯಾಕೆ ಎಂದು ತಿಳಿಯಲೆಂದೇ ನನ್ನ ತರಗತಿಗೆ ಬಂದವಳು. ಇಲಿಯನ್ನು ಮೆತ್ತಗೆ ಎತ್ತಿ ಅಂಗೈಯಲ್ಲಿಟ್ಟುಕೊಂಡು ಕೇಳಿದಳು:

“ಸರ, ಗಮನಿಸೂದು ಮುಗೀತೇನ್ರಿ?”

ಹೌದ್ರಿ

ಬೆಂಗಳೂರಿನ ಸಂದರ್ಶನಕ್ಕೆ ರೂಢಿಯಾಗಲೆಂದು ಕಾಲೇಜಿನಲ್ಲೇ ಒಂದು ಸುಳ್ಳು ಸಂದರ್ಶನ ಇಟ್ಟೆ. ಪ್ರಶ್ನೆ ಕೇಳಲು ಉಗಾರ ಖುರ್ದದಿಂದ ಸಕ್ಕರೆ ಕಾರ್ಖಾನೆಯ ಕೆಮಿಸ್ಟರನ್ನು ಕರೆಸಿದೆ. ಅವರ ಮೀಸೆ ನೋಡಿಯೇ ಅರ್ಧ ಜನ ನೀರು ಕುಡಿಯಲು ಹೋದರು. ಅಥಣಿಯ ದ್ರಾಕ್ಷಿ ತೋಟದ ಹುಡುಗ ಮೊದಲು ಕೂತ. ಹೃದಯ ಹಗಲಷ್ಟೇ ಬಡಿಯುತ್ತದಲ್ಲವೇ ಎಂದು ಕೆಮಿಸ್ಟರು ಬೇಕಂತಲೇ ಕೇಳಿದರು. ಹುಡುಗ ಹೌದ್ರಿ ಎಂದ. ಹಾಗಾದರೆ ರಾತ್ರಿ ಏನು ಮಾಡುತ್ತದೆ ಎಂದರೆ, “ನೀವ ಹೇಳ್ರಿ, ಹಂಗ ಮಾಡತೈತಿ” ಎಂದ.

ತಪ್ಪು ಅವನದಲ್ಲ. ಹಿರಿಯರ ಮಾತಿಗೆ ಇಲ್ಲ ಎನ್ನುವ ಪದ್ಧತಿ ನಮ್ಮ ಕಡೆ ಇಲ್ಲ. ಬೆಂಗಳೂರಿನವರೋ ತಪ್ಪು ಹೇಳಿಯೇ ಪರೀಕ್ಷಿಸುತ್ತಾರೆ. ಹಾಗಾಗಿ ಪ್ರತಿ ಭಾನುವಾರ ನಾನು ತಪ್ಪು ಹೇಳುವುದು, ಅವರು ಎದ್ದು ನಿಂತು “ಇಲ್ರಿ ಸರ, ತಪ್ಪೈತ್ರಿ. ಆಧಾರ ಏನೈತ್ರಿ?” ಎನ್ನುವುದು, ಇದೇ ಪಾಠವಾಯಿತು.

ಸ್ವಲ್ಪ ದಿನಕ್ಕೆ ಅಥಣಿಯ ಹುಡುಗ ಮನೆಯಲ್ಲಿ ಪಾಠ ಒಪ್ಪಿಸಿದ. ದ್ರಾಕ್ಷಿಗೆ ಔಷಧ ಹೊಡೆಯುವ ಹೊತ್ತಾಯಿತು ಎಂದ ಅಪ್ಪನಿಗೆ ಆಧಾರ ಕೇಳಿದ. ಅಪ್ಪ ಮೋಟರ್ ಸೈಕಲ್ ಹತ್ತಿ ನನ್ನನ್ನು ಹುಡುಕಿಕೊಂಡು ಬಂದರು. ನಾನು ಪ್ರಯೋಗಾಲಯದ ಮೂಲೆಗೆ ಹೋಗಿ ಅಸ್ಥಿಪಂಜರದ ಪಕ್ಕ ಉಸಿರು ಬಿಗಿಹಿಡಿದು ನಿಂತೆ. ಅವರು ಒಳಗೆ ಇಣುಕಿ ನೋಡಿ ಹೊರಟುಹೋದರು. ನನ್ನನ್ನು ನೋಡಿಯೂ ಹೇಗೆ ಹೋದರು ಎಂದು ಜವಾನನನ್ನು ಕೇಳಿದೆ.

“ಎರಡರಾಗ ಸರ ಯಾರಂತ ಅವರಿಗೆ ತಿಳೀಲಿಲ್ರಿ” ಎಂದ.

ಖಾತ್ರಿ

ಬೆಂಗಳೂರಿನಿಂದ ಸಂದರ್ಶನದ ಕರೆ ಬಂದದ್ದು ನಿಪ್ಪಾಣಿಯ ಹುಡುಗಿಗೆ ಮಾತ್ರ. ಅವಳ ತಾಯಿಯನ್ನು ಒಪ್ಪಿಸಲು ಮನೆಗೆ ಹೋದೆ. ಆಕೆ ಬೀಡಿ ಸುತ್ತುವುದನ್ನು ನಿಲ್ಲಿಸದೆ, ಕೆಮ್ಮುತ್ತಲೇ ಹೇಳಿದಳು. “ಮಾಸ್ತರ, ಅಲ್ಲಿ ಬ್ಯಾಡಂದ್ರ ಪೋರಿ ಬಂದು ಈ ತಂಬಾಕದ ಮುಂದ ಕೂಡಬೇಕು. ಕುಂತ್ರ ನನ್ನಂಗ ಕೆಮ್ಮತಾಳ. ಆಕೀನ ತಗೋತಾರಂತ ಖಾತ್ರಿ ಐತೇನು?”

ಖಾತ್ರಿ ಇಲ್ಲವ್ವ ಎಂದೆ. ಖಾತ್ರಿ ಇಲ್ಲ ಎಂದ ಮೊದಲನೇ ಮಾಸ್ತರ ನೀನೇ, ಕರಕೊಂಡು ಹೋಗು ಎಂದಳು. ಆಮೇಲೆ ನನ್ನ ಮುಖ ನೋಡಿ ಏನನ್ನಿಸಿತೋ, ನಿನ್ನ ಜೋಡಿಗೆ ಯಾರರ ಬೇಕು ಎಂದು ತಾನೂ ಹೊರಟಳು.

ಬೆಂಗಳೂರಿನ ಕೋಣೆ

ಸಂದರ್ಶನದ ಕೋಣೆಯ ಹೊರಗೆ ಬೆಂಚಿನ ಮೇಲೆ ನಾನೂ ತಾಯಿಯೂ ಕೂತೆವು. ಆಕೆ ಸೆರಗಿನ ತುದಿಯನ್ನು ಬೀಡಿಯಂತೆ ಸುತ್ತುತ್ತಿದ್ದಳು. ಬಹಳ ಹೊತ್ತಾದ ಮೇಲೆ ಹುಡುಗಿ ಬಾಗಿಲು ತೆರೆದಳು, ಮುಖದಲ್ಲಿ ರಕ್ತವೇ ಇಲ್ಲ. ಒಳಗೆ ನನ್ನನ್ನು ಕರೆಯುತ್ತಿದ್ದಾರಂತೆ. ಎಲ್ಲ ಮುಗಿಯಿತು ಎಂದುಕೊಂಡೆ.

ಅಲ್ಲಿದ್ದ ಹಿರಿಯ ಪ್ರಾಧ್ಯಾಪಕರು ಕನ್ನಡದವರೇ, ನಡೆದದ್ದನ್ನು ಅವರೇ ಹೇಳಿದರು. ಬೀಡಿ ಕಟ್ಟುವವರ ಕೆಮ್ಮಿಗೆ ಬರೀ ಚಳಿಗಾಳಿ ಕಾರಣ ಎಂದು ತಾವು ಹೇಳಿದರೆ, ಈಕೆ ತಪ್ಪೈತ್ರಿ ಎಂದು ತಾಯಿಯ ಎದೆಯ ಕತೆಯನ್ನೆಲ್ಲ ಬಿಡಿಸಿ ಹೇಳಿದಳಂತೆ. ಆಯಿತಮ್ಮ, ನಿನ್ನನ್ನು ತೆಗೆದುಕೊಂಡಿದ್ದೇವೆ ಎಂದರೆ, ಅದಕ್ಕೂ ಎದ್ದು ನಿಂತು “ಆಧಾರ ಏನೈತ್ರಿ?” ಎಂದಳಂತೆ.

ಈ ಧೈರ್ಯ ಕಲಿಸಿದವರು ನೀವೇ ಏನು ಎಂದು ಕೇಳಿದರು. ಹೌದ್ರಿ ಎಂದೆ. ನಿಮ್ಮ ಕಡೆ ಯಾರಿಗೂ ಅಂಜಿಕೆ ಇಲ್ಲವೇನು ಎಂದರು. ಹೌದ್ರಿ ಎಂದೆ. ಅವರು ನನ್ನ ನಡುಗುವ ಕೈ ನೋಡಿ, ನಮ್ಮ ಬೆಂಗಳೂರು ನಿಮಗೆ ಚಳಿಯಾಯಿತೇನೋ ಎಂದರು.

“ಹೌದ್ರಿ, ಭಾಳ ಥಂಡಿ ಐತ್ರಿ” ಎಂದೆ.

ಹಿಂದಿನಿಂದ ಹುಡುಗಿಯ ದನಿ ಬಂತು.

“ಇಲ್ರಿ ಸರ, ತಪ್ಪೈತ್ರಿ. ಅವರು ಅಂಜ್ಯಾರ್ರಿ.”