ಮಲ್ಚ್ ರಾಶಿಯಲ್ಲಿ ಹಿಮಕುಸಿತ

ರಾತ್ರಿ ಹನ್ನೊಂದೂವರೆಗೆ ಮನೆಯಲ್ಲೆಲ್ಲೋ 'ಪೀಂ' ಎಂದಿತು. ಹೊಗೆ ಅಲಾರಂನ ಬ್ಯಾಟರಿ ಮುಗಿದಿರಬೇಕೆಂದು ಆದಿತ್ಯ ಗರಾಜಿನಿಂದ ಏಣಿ ತಂದು ಮೂರು ಕೋಣೆಗಳ ಸೂರು ತಡವಿದ. ಅವನ ಹೆಂಡತಿ ರಚನಾ ಹೊದಿಕೆಯೊಳಗೆ ಮಿಸುಕಲಿಲ್ಲ. ಕೂಗುತ್ತಿರುವುದು ತನ್ನ ಕೈಚೀಲದಲ್ಲಿರುವ ಬೀಕನ್ ಎಂದು ಅವಳಿಗೆ ಗೊತ್ತಿತ್ತು.

ಸಂಜೆ ಗೆಳತಿ ಶೀಲಾ ಅದನ್ನು ಕೊಟ್ಟುಹೋಗಿದ್ದಳು. ಹಿಮಕುಸಿತದಲ್ಲಿ ಯಾರಾದರೂ ಹೂತುಹೋದರೆ ಅವರ ಎದೆಗೆ ಕಟ್ಟಿದ ಬೀಕನ್ ಸಂಕೇತ ಕಳಿಸುತ್ತದೆ. ಉಳಿದವರು ತಮ್ಮ ಬೀಕನ್ನಿನ ಬಾಣ, ಅಂಕಿ ನೋಡುತ್ತ ಹೋಗಿ ಅಗೆಯಬೇಕು. ಅಮೆರಿಕದ ಕ್ಯಾರಿ ಊರಿನಲ್ಲಿ ಭಾನುವಾರ ವಾಕಿಂಗ್ ಹೋಗುವ ನಾಲ್ವರು ಗೆಳತಿಯರೂ ಏಪ್ರಿಲ್‌ನಲ್ಲಿ ಕೊಲರಾಡೋದ ಹಿಮಬೆಟ್ಟ ಹತ್ತುವುದೆಂದು ಶೀಲಾಳ ತೀರ್ಮಾನ. ಗ್ರೂಪಿನಲ್ಲಿ ಮೊದಲು "ನಾನು ರೆಡಿ" ಎಂದವಳು ರಚನಾ.

ಆಮೇಲೆ ಓದಿದಳು. ವಸಂತದಲ್ಲಿ ಹಿಮ ಬೆಳಗ್ಗೆ ಕಲ್ಲಿನಂತಿರುತ್ತದೆ. ಬಿಸಿಲೇರಿದಂತೆ ನೆನೆದ ಅವಲಕ್ಕಿಯ ಹಾಗೆ ಸಡಿಲಾಗಿ ಇಳಿಜಾರಿಗೆ ಇಳಿಜಾರೇ ಕಳಚಿ ಬೀಳುತ್ತದೆ. ಮಧ್ಯಾಹ್ನಕ್ಕೆ ಮೊದಲೇ ಕೆಳಗಿಳಿದಿರಬೇಕು. ಇವರೋ ಹನ್ನೊಂದಕ್ಕೆ ಮುಂಚೆ ಒಂದು ವಾಕಿಂಗಿಗೂ ಹೊರಟವರಲ್ಲ.

ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಉಳಿದ ಆಸೆ ಒಂದೇ, ಶೀಲಾಳ ಷರತ್ತು: ನಾಳೆ ಹೂತಿಟ್ಟ ಬೀಕನ್ ಐದು ನಿಮಿಷದಲ್ಲಿ ಒಬ್ಬಳಿಗಾದರೂ ಸಿಗಬೇಕು, ಇಲ್ಲದಿದ್ದರೆ ಟ್ರಿಪ್ ಕ್ಯಾನ್ಸಲ್.

ಪರೀಕ್ಷೆ ನಡೆದದ್ದು ಪಕ್ಕದ ಮನೆಯ ನಿವೃತ್ತ ಡಾಕ್ಟರ್ ನಟರಾಜ ಅಂಕಲ್ ಅವರ ಡ್ರೈವ್‌ವೇಯಲ್ಲಿ. ಹೂವಿನ ಪಾತಿಗೆಂದು ತರಿಸಿದ ಮಲ್ಚ್, ಅಂದರೆ ಮರದ ಚೆಕ್ಕೆಪುಡಿ, ಅಲ್ಲಿ ಆನೆ ಮಲಗಿದಂತೆ ಬಿದ್ದಿತ್ತು.

"ರಾಶಿ ಕೆದರಿದ್ರೆ ಪರವಾಗಿಲ್ವಾ ಅಂಕಲ್?" ಎಂದಳು ಶೀಲಾ.

"ಧಾರಾಳವಾಗಿ ಕೆದರಿ. ಹಂಗೇ ಅಗೆದದ್ದನ್ನ ಆ ಪಾತಿಗೆ ಹಾಕ್ಬಿಡಿ," ಎಂದು ಅಂಕಲ್ ಸ್ಟಾಪ್‌ವಾಚ್ ಹಿಡಿದರು. ಪ್ರತಿ ಸಲ ಬೀಕನ್ನನ್ನು ಉಪ್ಪಿನಕಾಯಿ ಡಬ್ಬಿಯಲ್ಲಿಟ್ಟು ಹೂಳುವ ಕೆಲಸವೂ ಅವರದೇ.

ನಾಲ್ವರಲ್ಲಿ ಮೊದಲು ಹೊರಟ ನೀತಾ ರಾಶಿ ಬಿಟ್ಟು ಬೇಲಿಯತ್ತ ನಡೆದಳು.

"ಬೀಕನ್ ನೋಡಮ್ಮ. ನನ್ನ ಗುಲಾಬಿ ಆಮೇಲೆ ನೋಡುವೆಯಂತೆ."

ಶ್ರಾವಣಿ ಬೀಕನ್ನನ್ನು ತಲೆಕೆಳಗಾಗಿ ಹಿಡಿದೇ ಐದು ನಿಮಿಷ ಕಳೆದಳು. ಶೀಲಾ ಅಗೆದ ರಭಸಕ್ಕೆ ಒಂದು ಪಾತಿ ತುಂಬಿತೇ ಹೊರತು ಡಬ್ಬಿ ಸಿಗಲಿಲ್ಲ.

ಉಳಿದವಳು ರಚನಾ. ಫೋನು ಹತ್ತಿರವಿದ್ದರೆ ಬೀಕನ್ನಿಗೆ ದಿಕ್ಕು ತಪ್ಪುತ್ತದೆಂದು ಓದಿದ್ದಳಾದ್ದರಿಂದ, ಫೋನನ್ನು ಬೀಕನ್ನಿಗೆ ಅಂಟಿಸಿದಂತೆ ಹಿಡಿದು ಹೊರಟಳು. ಅಂಕಿ ಇಳಿಯತೊಡಗಿತು. ಇಪ್ಪತ್ತು, ಹದಿನೈದು, ಒಂಬತ್ತು. ಎಂದರೆ ಡಬ್ಬಿ ಹತ್ತಿರವಾಗುತ್ತಿದೆ. ಈ ಫೋನು ಒಂದು ಕೆಲಸವನ್ನೂ ನೆಟ್ಟಗೆ ಮಾಡುವುದಿಲ್ಲ. ತಕ್ಷಣ ಬಾಣಕ್ಕೆ ಬೆನ್ನು ಹಾಕಿ, ರಾಶಿಯ ಇನ್ನೊಂದು ಮಗ್ಗುಲಿಗೆ ಹೋಗಿ, ಯಾವ ಭೂಪನೂ ಏನನ್ನೂ ಹೂಳದಂಥ ಮೂಲೆಯಲ್ಲಿ ಸಲಿಕೆ ಊರಿದಳು.

'ಠಕ್' ಎಂದಿತು. ಉಪ್ಪಿನಕಾಯಿ ಡಬ್ಬಿ.

ಫೋನು ತನ್ನ ಕೆಲಸ ಮಾಡಿಯೇ ಇತ್ತು. ಅದು ತಪ್ಪಿಸಿದ ಬಾಣವನ್ನು ಇವಳು ನಂಬದೆ ಸರಿದಾರಿಗೆ ಬಂದಿದ್ದಳು.

"ಎರಡು ನಿಮಿಷ ನಲವತ್ತು ಸೆಕೆಂಡು," ಎಂದರು ಅಂಕಲ್. "ನನ್ನ ಸರ್ವೀಸಲ್ಲಿ ಇಷ್ಟು ಬೇಗ ಒಬ್ಬ ಪೇಷಂಟಿನ ನಾಡೀನೂ ನಂಗೆ ಸಿಕ್ಕಿರ್ಲಿಲ್ಲ."

ಎಲ್ಲರೂ ಹೋದ ಮೇಲೆ ಶೀಲಾ ಅವಳ ಕೈ ಹಿಡಿದು ಪಕ್ಕಕ್ಕೆ ಎಳೆದಳು.

"ಒಂದು ನಿಜ ಹೇಳ್ತೀನಿ ಕಣೇ. ಒಂದು ವಾರದಿಂದ ಭಯಕ್ಕೆ ನಂಗೆ ನಿದ್ದೆ ಇಲ್ಲ. ಯಾರಿಗೂ ಸಿಗಲ್ಲ, ಮರ್ಯಾದೆಯಾಗಿ ಕ್ಯಾನ್ಸಲ್ ಮಾಡೋಣ ಅಂತಾನೇ ಈ ಟೆಸ್ಟ್ ಇಟ್ಟಿದ್ದು. ನಾನು ಬೇಕಂತ್ಲೇ ಫೇಲಾದೆ. ಅವರಿಬ್ಬರೂ ಅಷ್ಟೇ, ಈಗ ತಾನೇ ಒಪ್ಕೊಂಡ್ರು."

ರಚನಾಳಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಕ್ಯಾನ್ಸಲ್..."

"ಈಗ್ಯಾಕೆ? ನಿನ್ನ ನೋಡಿ ಮೂರು ಜನಕ್ಕೂ ಧೈರ್ಯ ಬಂತು. ನೀನು ಜೊತೆಗಿದ್ರೆ ಹೂತುಹೋದ್ರೂ ಚಿಂತೆ ಇಲ್ಲ. ನಾಲ್ಕೂ ಟಿಕೆಟ್ ಬುಕ್ ಮಾಡ್ಬಿಟ್ಟೆ."

"ನಾನು ಹೂತುಹೋದ್ರೆ ಹುಡುಕೋರು ಯಾರೇ?"

"ನೀನ್ಯಾಕೆ ಹೂತುಹೋಗ್ತೀಯಾ? ನಿಂಗೆ ಎಲ್ಲಾ ಗೊತ್ತಲ್ಲ," ಎಂದು ಶೀಲಾ ಅವಳನ್ನು ತಬ್ಬಿಕೊಂಡಳು. ಎಷ್ಟೋ ದಿನದ ಮೇಲೆ ನಿದ್ದೆ ಬರಲಿರುವವರ ತಬ್ಬುಗೆ ಅದು.

ಮನೆಗೆ ಬಂದರೆ ಸುದ್ದಿ ಆಗಲೇ ತಲುಪಿತ್ತು. "ಏನೇ ಇದು, ಅಷ್ಟು ಬೇಗ ಹೇಗೆ ಹುಡುಕಿದೆ?" ಎಂದ ಆದಿತ್ಯ, ಎಂದೂ ಇಲ್ಲದ ಗೌರವದಿಂದ.

ನಿಜ ನಾಲಿಗೆಯ ತುದಿಗೆ ಬಂತು. ಹೇಳಿದರೆ ಹೇಡಿ, ಹೇಳದಿದ್ದರೆ ಕೊಲರಾಡೋ. "ಸ್ವಲ್ಪ ಪ್ರಾಕ್ಟೀಸು," ಎಂದು ಅಡುಗೆಮನೆಗೆ ನಡೆದ ರಚನಾ, ಇದನ್ನು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲವೆಂದು ನಿರ್ಧರಿಸಿ ಅಕ್ಕಿ ತೊಳೆಯತೊಡಗಿದಳು.