ಒಂಬತ್ತು ಗಂಟೆಯ ನಮೂನೆ

ಲೀಲಂಡ್ ಬ್ರೆಕೆಯ ನೆಮ್ಮದಿ ಕೆಡಿಸಿದ್ದು ಒಂದೇ ಒಂದು ವಾಕ್ಯ. ಅದು ನಮೂನೆಯ ಮೊದಲ ಪುಟದ ಮೇಲ್ಗಡೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚಾಗಿತ್ತು: ‘ಈ ನಮೂನೆಯನ್ನು ತುಂಬಲು ಸರಾಸರಿ ಒಂಬತ್ತು ಗಂಟೆ ಬೇಕಾಗುತ್ತದೆಂದು ಅಂದಾಜು.’

ಲೀಲಂಡ್ ಉತ್ತರ ಡಕೋಟಾದ ಪಶ್ಚಿಮ ಅಂಚಿನ ಟಾರ್ಕಿಲ್ ಎಂಬ ಊರಿನ ವಿದ್ಯುತ್ ಸಹಕಾರ ಸಂಘದ ಮ್ಯಾನೇಜರ್. ಹಳ್ಳಿಗಾಡಿಗೆ ಕರೆಂಟು ಎಳೆಯಲು ಸಾಲ ಕೊಡುವ ವಾಷಿಂಗ್ಟನ್ನಿನ ಕಚೇರಿಗೆ ಅವನು ಪ್ರತಿ ಫೆಬ್ರವರಿಯಲ್ಲಿ ಈ ನಮೂನೆ ತುಂಬಿ ಕಳಿಸಬೇಕು. ಎಷ್ಟು ಕಂಬ, ಎಷ್ಟು ಮೈಲಿ ತಂತಿ, ಬಿರುಗಾಳಿಗೆ ಬಿದ್ದ ಕಂಬ ಎಷ್ಟು, ಬೀಳಬಹುದಾದದ್ದು ಎಷ್ಟು, ಮುಂದಿನ ಹತ್ತು ವರ್ಷದಲ್ಲಿ ಯಾರ ಯಾರ ಕೊಟ್ಟಿಗೆಯಲ್ಲಿ ಎಷ್ಟು ಬಲ್ಬು ಉರಿಯಬಹುದು. ನಾಲ್ಕನೇ ಪುಟದಲ್ಲಿ ಬರೆದದ್ದನ್ನೇ ಹದಿನೇಳನೇ ಪುಟದಲ್ಲಿ ಬೇರೆ ಅಳತೆಯಲ್ಲಿ ಬರೆಯಬೇಕು. ಎರಡೂ ತಾಳೆಯಾಗದಿದ್ದರೆ ಏಕೆ ಆಗಲಿಲ್ಲ ಎಂದು ಮೂವತ್ತೊಂದನೇ ಪುಟದಲ್ಲಿ ವಿವರಿಸಬೇಕು. ಲೀಲಂಡನ ಫೆಬ್ರವರಿಯನ್ನು ನಮೂನೆ ಪೂರ್ತಿ ನುಂಗಿ, ಮಾರ್ಚಿಗೂ ಬಾಯಿ ತೆರೆದು ಕೂರುತ್ತಿತ್ತು.

ಹೀಗಿರುವಾಗ ಅದೇ ಕಚೇರಿ ಒಂದು ಪ್ರಕಟಣೆ ಹೊರಡಿಸಿತು. ‘ನಮ್ಮ ಅಂದಾಜು ಸರಿಯಿದೆಯೇ? ನಮೂನೆ ಹೊರೆಯಾಗಿದೆಯೇ? ಸಾರ್ವಜನಿಕರು ಅಭಿಪ್ರಾಯ ತಿಳಿಸಬಹುದು.’

ಸಾರ್ವಜನಿಕರು ಯಾರೂ ತಿಳಿಸುವವರಲ್ಲ. ಲೀಲಂಡನೂ ತಿಳಿಸುತ್ತಿರಲಿಲ್ಲ. ಆ ಸೀಮೆಯಲ್ಲಿ ದೂರು ಹೇಳುವುದೆಂದರೆ ಚರ್ಚಿನಲ್ಲಿ ಸಿಳ್ಳೆ ಹಾಕಿದ ಹಾಗೆ. ಸುಂಟರಗಾಳಿಗೆ ಕೊಟ್ಟಿಗೆಯೇ ಹಾರಿಹೋದವನನ್ನು ಮಾತಾಡಿಸಿದರೂ “ಪರವಾಗಿಲ್ಲ, ಬಾಗಿಲು ಸಿಕ್ತು” ಅನ್ನುತ್ತಾನೆ.

ಆದರೆ ಲೀಲಂಡನ ಹೆಂಡತಿ ಆರ್ಡಿಸ್‌ಗೆ ಅರಿಜೋನಾದಲ್ಲಿ ಒಬ್ಬ ತಂಗಿ ಇದ್ದಳು. ಫೆಬ್ರವರಿಯಲ್ಲಿ ಟಾರ್ಕಿಲ್‌ನಲ್ಲಿ ಉಗುಳಿದ್ದು ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟುವಾಗ, ತಂಗಿಯ ಹಿತ್ತಲಲ್ಲಿ ನಿಂಬೆಹಣ್ಣು ತೂಗುತ್ತಿರುತ್ತಿದ್ದವು. ಹನ್ನೊಂದು ವರ್ಷದಿಂದ ಅವಳು ಕರೆಯುತ್ತಿದ್ದಳು. ಹನ್ನೊಂದು ವರ್ಷದಿಂದ ನಮೂನೆ ಅಡ್ಡ ಬರುತ್ತಿತ್ತು.

“ಈ ಸಲ ಟಿಕೆಟ್ ತಗೊಂಡೇ ತಗೋತೀನಿ,” ಎಂದಿದ್ದಳು ಆರ್ಡಿಸ್. “ನೀನು ಬಂದ್ರೆ ಎರಡು, ಬರದಿದ್ರೆ ಒಂದು. ಅವರಾಗಿ ಕೇಳ್ತಿದ್ದಾರಲ್ಲ, ಬರೆದು ಹಾಕು. ನಾನು ಲೆಕ್ಕ ಹಾಕಿದೀನಿ. ದಿನಕ್ಕೆ ಎಂಟರ ಹಾಗೆ ಇಪ್ಪತ್ತು ದಿನ, ಜೊತೆಗೆ ನಾಲ್ಕು ಶನಿವಾರ ಐದೈದು ಗಂಟೆ. ನೂರ ಎಂಬತ್ತು. ಒಂಬತ್ತಂತೆ, ಒಂಬತ್ತು!”

“ನೂರೆಂಬತ್ತು ಅಂತ ಬರೆದ್ರೆ ಜಂಬ ಕೊಚ್ಕೊಂಡ ಹಾಗಾಗಲ್ವಾ?”

“ಒದೆ ತಿಂದಿದ್ದನ್ನ ಹೇಳ್ಕೊಳ್ಳೋದು ಯಾವ ಸೀಮೆ ಜಂಬ? ಬರಿ.”

ಬರೆಯುವುದನ್ನು ಲೀಲಂಡ್ ಕಡೆಯ ದಿನಕ್ಕೆ ಉಳಿಸಿಕೊಂಡ. ಅದು ಮೇ ತಿಂಗಳ ಒಂದು ಶುಕ್ರವಾರ. ಬೆಳಿಗ್ಗೆ ಕಚೇರಿಗೆ ಹೋಗಿ ನೋಡಿದರೆ ಇಂಟರ್ನೆಟ್ ಸತ್ತಿತ್ತು. ಮಳೆ ಬಿದ್ದಾಗಲೆಲ್ಲ ಹಳೇ ತಂತಿಯೊಳಗೆ ನೀರು ಹೊಕ್ಕು ಅದು ಸಾಯುತ್ತಿತ್ತು, ಬಿಸಿಲು ಬಂದರೆ ತಾನಾಗಿ ಏಳುತ್ತಿತ್ತು. ಹೊರಗೆ ಮೋಡ ಎಮ್ಮೆಯಂತೆ ಮಲಗಿತ್ತು. ಊರಲ್ಲಿ ಆಕಾಶದಿಂದ ನೇರವಾಗಿ ಇಂಟರ್ನೆಟ್ ಇಳಿಸಿಕೊಂಡಿದ್ದ ಜಾಗ ಒಂದೇ, ಬರ್ನಡೀನಳ ಕೆಫೆ. ಲೀಲಂಡ್ ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಅಲ್ಲಿಗೆ ನಡೆದ.

ಅಲ್ಲೇ ಅವನು ಎಡವಿದ್ದು. ಹೊಲವೆಲ್ಲ ಕೆಸರಾಗಿ ಬಿತ್ತನೆ ನಿಂತಿದ್ದರಿಂದ ಊರಿನ ರೈತರೆಲ್ಲ ಕೆಫೆಯಲ್ಲಿ ಕೂತು, ಕಾಫಿಯ ಬಿಲ್ಲು ಯಾರು ಕೊಡಬೇಕೆಂದು ದಾಳ ಉರುಳಿಸುತ್ತಿದ್ದರು.

“ಪಾಸ್‌ವರ್ಡ್ ಕೊಡು ಬರ್ನಡೀನ್.”

“ಬನ್ನು ತಗೊಂಡವರಿಗೆ ಮಾತ್ರ ಕಣಪ್ಪ ಪಾಸ್‌ವರ್ಡು,” ಎಂದಳು ಎಪ್ಪತ್ತು ದಾಟಿದ ಬರ್ನಡೀನ್. ಪಾಕ ಸುರಿಯುವ, ತಲೆಯಷ್ಟು ದಪ್ಪದ ಒಂದು ಬನ್ನನ್ನು ಮುಂದಿಟ್ಟು, ಕಾಫಿ ಬಗ್ಗಿಸುವ ನೆಪದಲ್ಲಿ ಪರದೆಯನ್ನು ಓದಿದಳು. ಆಮೇಲೆ ಇಡೀ ಕೆಫೆಗೆ ಕೇಳುವ ಹಾಗೆ ಹೇಳಿದಳು: “ಅಯ್ಯೋ, ಲೀಲಂಡ್ ಸರ್ಕಾರದ ಮೇಲೆ ದೂರು ಬರೀತಿದಾನೆ!”

ದಾಳಗಳು ನಿಂತವು.

ಮೊದಲು ಎದ್ದು ಬಂದವನು ಸಂಘದ ಅಧ್ಯಕ್ಷ ವರ್ಲಿನ್ ಸ್ಟಾಕ್‌ಡಾಲ್. ಗೋಧಿ ಬೆಳೆಯುವವನು, ಟ್ರ್ಯಾಕ್ಟರ್ ಟೈರಿನಂಥ ಮೈ, ಟ್ರ್ಯಾಕ್ಟರಿನಂಥದೇ ದನಿ. ಹಿಂದೆಯೇ ಬಂದವನು ಮೈಲೋ ಹ್ರುಸ್ಕಾ. ನಲವತ್ತು ವರ್ಷ ದನಗಳ ಹರಾಜು ಕೂಗಿ ಈಗ ನಿವೃತ್ತ. ಬಾಯಿ ಮಾತ್ರ ಇನ್ನೂ ನಿವೃತ್ತಿ ಪಡೆದಿರಲಿಲ್ಲ.

“ದೂರಲ್ಲ, ಅಭಿಪ್ರಾಯ,” ಎಂದ ಲೀಲಂಡ್. “ಅವರೇ ಕೇಳಿದಾರೆ.”

“ನನ್ನ ಹೆಂಡತೀನೂ ಹೊಸ ಲಂಗ ಹೇಗಿದೆ ಅಂತ ಕೇಳ್ತಾಳೆ,” ಎಂದ ಮೈಲೋ. “ಅಭಿಪ್ರಾಯ ಹೇಳಿಬಿಡ್ತೀನಾ?”

ವರ್ಲಿನ್ ಕನ್ನಡಕ ಏರಿಸಿ ಓದಿದ. “ನೂರೆಂಬತ್ತು ಗಂಟೆ! ಏನಯ್ಯಾ ಇದು? ಹೊಸ ಕಂಬಗಳ ಸಾಲದ ಅರ್ಜಿ ಅದೇ ಕಚೇರೀಲಿ ಬಿದ್ದಿದೆ. ಸಾಲ ಕೊಡೋನ ಮೀಸೆ ಎಳೀತಾರಾ ಯಾರಾದ್ರೂ? ಅದೂ ಅಲ್ದೆ, ಇಷ್ಟು ಗಂಟೆ ಅಂದ್ರೆ ಟಾರ್ಕಿಲ್ ಸಂಘದ ಮ್ಯಾನೇಜರ್ ದಡ್ಡ ಅನ್ಕೋತಾರೆ.”

“ನಿಜವಾಗ್ಲೂ ಅಷ್ಟು ಹೊತ್ತು ಹಿಡಿಯುತ್ತೆ ವರ್ಲಿನ್.”

“ಹಿಡಿಯುತ್ತಪ್ಪ, ಯಾರು ಇಲ್ಲ ಅಂದ್ರು? ಹಿಡಿಯೋದು ಬೇರೆ, ಹೇಳೋದು ಬೇರೆ.”

ಬರ್ನಡೀನ್ ಒಂದು ಕುರ್ಚಿ ಎಳೆದುಕೊಂಡು ಕೂತಳು. “ಇಲ್ಲಿ ‘ಹೊರೆ’ ಅಂತ ಬರೆದಿದೀಯಲ್ಲ, ಅದನ್ನ ತೆಗಿ. ಅಲ್ಲಿ ಯಾರೋ ಪಾಪದ ಹುಡುಗಿ ಕೂತು ಈ ನಮೂನೆ ಮಾಡಿರ್ತಾಳೆ. ಓದಿದ್ರೆ ಬೇಜಾರು ಮಾಡ್ಕೊಳ್ಳಲ್ವಾ? ಹದಿನೇಳನೇ ಪುಟ ಕಿತ್ತು ಹಾಕಿ ಅಂದಿದೀಯ. ಅವಳು ಎಷ್ಟು ಇಷ್ಟಪಟ್ಟು ಬರೆದಿದ್ಲೋ ಏನೋ!”

‘ಹೊರೆ’ ಹೋಯಿತು. ಹದಿನೇಳನೇ ಪುಟ ಉಳಿಯಿತು. ಉಳಿದದ್ದು ಗಂಟೆಯ ಪ್ರಶ್ನೆ.

“ನೂರೈವತ್ತು ಅಂತ ಹಾಕು,” ಎಂದ ವರ್ಲಿನ್. “ಕೇಳೋಕೆ ಮರ್ಯಾದೆಯಾಗಿರುತ್ತೆ.”

“ಅದರಲ್ಲಿ ಇಲ್ಲಿಗೆ ಬಂದು ಕಾಫಿ ಕುಡಿದಿದ್ದನ್ನ ಕಳೀಬೇಕು,” ಎಂದಳು ಬರ್ನಡೀನ್. “ನಾನು ಕಣ್ಣಾರೆ ನೋಡಿದೀನಿ. ನೂರಿಪ್ಪತ್ತು.”

ಇಳಿಯುತ್ತಿದ್ದ ಅಂಕಿ ಕಿವಿಗೆ ಬಿದ್ದದ್ದೇ ಮೈಲೋನ ಗಂಟಲಲ್ಲಿ ನಲವತ್ತು ವರ್ಷದ ಹಳೇ ಯಂತ್ರ ತಾನಾಗಿ ತಿರುಗತೊಡಗಿತು. “ನೂರಿಪ್ಪತ್ತು, ನೂರಿಪ್ಪತ್ತು, ಯಾರಾದ್ರೂ ನೂರು ಅಂತೀರಾ? ನೂರು ಬಂತು, ಕಿಟಕೀಲಿ ಹಿಮ ನೋಡ್ತಾ ಕೂತಿದ್ದಕ್ಕೆ ಹತ್ತು ಕಳೀರಿ, ತೊಂಬತ್ತು, ತೊಂಬತ್ತು, ಮೂಲೇಲಿರೋ ಯಜಮಾನ್ರು ಎಂಬತ್ತು ಅಂದ್ರು...” ಮೂಲೆಯ ಯಜಮಾನರು ಮೂಗು ಕೆರೆದುಕೊಂಡಿದ್ದರು ಅಷ್ಟೆ. ಜೀವಮಾನವಿಡೀ ಬೆಲೆ ಏರಿಸಿದ ಮನುಷ್ಯ ಇಳಿಸುವ ಹರಾಜಿನಲ್ಲಿ ಹೊಸ ಯೌವನ ಕಂಡುಕೊಂಡಿದ್ದ.

“ಅರವತ್ತು!” ಎಂದು ವರ್ಲಿನ್ ಮೇಜು ಕುಟ್ಟಿದ. “ಅರವತ್ತು ಅಂದ್ರೆ ದೂರಿನ ಹಾಗೂ ಇರಲ್ಲ, ಹೊಗಳಿಕೆ ಹಾಗೂ ಇರಲ್ಲ. ಒಳ್ಳೇ ಸಭ್ಯವಾದ ಅಂಕಿ.”

“ಅರವತ್ತು ಒಂದು ಸಲ, ಅರವತ್ತು ಎರಡು ಸಲ, ಅರವತ್ತು ಮೂರು ಸಲ!” ಮೈಲೋ ದಾಳದ ಬಟ್ಟಲನ್ನು ಕವುಚಿ ಬಡಿದ. “ಕೋಟು ಹಾಕ್ಕೊಂಡವರಿಗೆ ಹೋಯ್ತು!” ಕೋಟು ಹಾಕಿದ್ದವನು ಲೀಲಂಡ್ ಒಬ್ಬನೇ.

ಅವನು ಅರವತ್ತು ಎಂದು ತಿದ್ದಿ, ಕಳಿಸುವ ಗುಂಡಿ ಒತ್ತಿದ. ಪರದೆಯ ಮೇಲೆ ಒಂದು ಸಾಲು ಮೂಡಿತು: ‘ನೀವು ಬಹಳ ಹೊತ್ತು ಏನೂ ಮಾಡದೆ ಕುಳಿತಿದ್ದೀರಿ. ದಯವಿಟ್ಟು ಮೊದಲಿನಿಂದ ಆರಂಭಿಸಿ.’ ಬರೆದದ್ದೆಲ್ಲ ಅಳಿಸಿಹೋಗಿತ್ತು.

“ಪರವಾಗಿಲ್ಲ,” ಎಂದ ಲೀಲಂಡ್.

ಮತ್ತೆ ಬರೆಯಲು ಕೂತರೆ ಈಗ ಎಲ್ಲರಿಗೂ ಒಂದೊಂದು ಸಾಲು ಸೇರಿಸುವ ಆಸೆ. ಬರ್ನಡೀನ್‌ಗೆ ಅಂಚೆ ತಡವಾಗಿ ಬರುವುದನ್ನು ತಿಳಿಸಬೇಕಿತ್ತು. ವರ್ಲಿನ್‌ಗೆ ಗೋಧಿಯ ಬೆಲೆ. ಲೀಲಂಡ್ ಒಂದು ಕೈಯಲ್ಲಿ ಅವರನ್ನು ತಡೆಯುತ್ತ ಇನ್ನೊಂದು ಕೈಯಲ್ಲಿ ಬರೆಯುತ್ತಿದ್ದಾಗ, ಊಟದ ಹೊತ್ತೂ ದಾಟಿದ ಮೇಲೆ, ಕೆಫೆಯ ಫೋನು ಬಡಿದುಕೊಂಡಿತು. ಆರ್ಡಿಸ್.

“ಕಳಿಸಿದ್ಯಾ?”

“ಕಳಿಸ್ತಾ ಇದೀನಿ. ಐದು ಗಂಟೆವರೆಗೂ ಟೈಮಿದೆಯಲ್ಲ.”

“ಯಾರ ಐದು ಗಂಟೆ? ವಾಷಿಂಗ್ಟನ್ನಿನ ಐದು ಅಂದ್ರೆ ನಮಗೆ ಮೂರು!”

ಲೀಲಂಡ್ ಗೋಡೆ ಗಡಿಯಾರ ನೋಡಿದ. ಮೂರಕ್ಕೆ ಆರು ನಿಮಿಷವಿತ್ತು. ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎತ್ತಿಕೊಂಡು ಹೊರಗೋಡಿ, ಇಂಟರ್ನೆಟ್ ಸಿಗುವಷ್ಟು ಹತ್ತಿರದಲ್ಲೇ ನಿಲ್ಲಿಸಿದ್ದ ತನ್ನ ಪಿಕಪ್ ಗಾಡಿಯೊಳಗೆ ಕೂತು ಬಾಗಿಲು ಹಾಕಿಕೊಂಡ. ಕಿಟಕಿಯಾಚೆ ಮೂರು ಮುಖ ಗಾಜಿಗೆ ಒತ್ತಿಕೊಂಡು ನಿಂತವು. ಆದರೆ ದನಿ ಕೇಳಿಸುತ್ತಿರಲಿಲ್ಲ. ಆ ದಿನದಲ್ಲಿ ಮೊದಲ ಬಾರಿಗೆ ಅವನು ಒಬ್ಬನೇ ಇದ್ದ.

ಬರೆದು ಮುಗಿಸಿದ. ಬೆರಳು ಅಂಕಿಯ ಮೇಲೆ ನಿಂತಿತು. ನೂರೆಂಬತ್ತು ಎಂದು ಮಾಡಲು ಮೂರು ಸಲ ಒತ್ತಿದರೆ ಸಾಕು. ಯಾರೂ ತಡೆಯುವವರಿರಲಿಲ್ಲ. ನಿಂಬೆಹಣ್ಣು ನೆನಪಾಯಿತು. ಒತ್ತಿದ. ‘ನೂರೆಂಬತ್ತು’ ಪರದೆಯ ಮೇಲೆ ನಿಂತು, ಮದುವೆ ಮನೆಯಲ್ಲಿ ಕುಡಿದು ಕೂಗಾಡುವ ನೆಂಟನ ಹಾಗೆ ಕಂಡಿತು. ಲೀಲಂಡನಿಗೆ ಕಿವಿ ಬಿಸಿಯಾಯಿತು. ಅಳಿಸಿ ಅರವತ್ತು ಬರೆದ. ಕಳಿಸಿದ. ಈ ಸಲ ಹೋಯಿತು.

“ನೂರೆಂಬತ್ತು ಅಂತ ತಾನೇ?” ಎಂದು ಸಂಜೆ ಆರ್ಡಿಸ್ ಕೇಳಿದಳು.

“ಸಾಕಾಗುವಷ್ಟು ಬರೆದಿದೀನಿ,” ಎಂದ ಲೀಲಂಡ್, ಆಲೂಗಡ್ಡೆಯ ಕಡೆ ನೋಡುತ್ತ.

ನವೆಂಬರಿನಲ್ಲಿ ವಾಷಿಂಗ್ಟನ್ನಿನ ಉತ್ತರ ಪ್ರಕಟವಾಯಿತು. ಇಡೀ ದೇಶದಿಂದ ಬಂದದ್ದು ಒಂದೇ ಅಭಿಪ್ರಾಯ. ‘ಅಭಿಪ್ರಾಯ ನೀಡಿದವರ ದೀರ್ಘ ಅನುಭವವನ್ನು ಕಚೇರಿ ಗೌರವಿಸುತ್ತದೆ ಮತ್ತು ಅವರ ಮಾತನ್ನು ಪೂರ್ಣವಾಗಿ ಒಪ್ಪುತ್ತದೆ.’ ಬರ್ನಡೀನ್ ಆ ಹಾಳೆಯನ್ನು ಕೆಫೆಯ ಗೋಡೆಗೆ ಅಂಟಿಸಿ ಲೀಲಂಡನಿಗೆ ಒಂದು ಬನ್ನು ಪುಕ್ಕಟೆ ಕೊಟ್ಟಳು. ಮೈಲೋ ಎದ್ದು ನಿಂತು ಕೈ ಕುಲುಕಿದ. ಆರ್ಡಿಸ್ ಎರಡು ಟಿಕೆಟ್ ತೆಗೆದಳು.

ಜನವರಿಯಲ್ಲಿ ಹೊಸ ನಮೂನೆ ಬಂತು. ಲೀಲಂಡ್ ಅದನ್ನು ಹಳೆಯದರ ಪಕ್ಕದಲ್ಲಿಟ್ಟು ಪುಟಕ್ಕೆ ಪುಟ ನೋಡಿದ. ನಾಲ್ಕನೇ ಪುಟ ಇತ್ತು. ಹದಿನೇಳನೇ ಪುಟ ಇತ್ತು. ಮೂವತ್ತೊಂದು ಕೂಡ. ಬದಲಾಗಿದ್ದುದು ಮೊದಲ ಪುಟದ ಆ ಇರುವೆ ಸಾಲಿನಲ್ಲಿ ಒಂದು ಅಂಕಿ ಮಾತ್ರ: ‘ಅರವತ್ತು ಗಂಟೆ ಬೇಕಾಗುತ್ತದೆಂದು ಅಂದಾಜು.’

“ಪರವಾಗಿಲ್ಲ,” ಅಂದುಕೊಂಡ. ಹಳೇ ಪಾಡೇ ತಾನೆ. ಟಿಕೆಟ್ಟನ್ನು ಮಾರ್ಚಿಗೆ ಮುಂದೂಡಿಸಿದರಾಯಿತು.

ಅದೇ ವಾರ ಸಂಘದ ಆಡಳಿತ ಮಂಡಳಿ ಸೇರಿತು. ವರ್ಲಿನ್ ಹೊಸ ನಮೂನೆಯ ಮೊದಲ ಪುಟ ಓದಿ ಕನ್ನಡಕ ತೆಗೆದ.

“ಅರವತ್ತು ಗಂಟೆ. ಅಂದ್ರೆ ಏಳೂವರೆ ದಿನ. ಲೀಲಂಡ್, ನೀನು ಪ್ರತಿ ವರ್ಷ ಪೂರ್ತಿ ಫೆಬ್ರವರಿ ಇದರ ಮೇಲೆ ಕೂತಿರ್ತೀಯಲ್ಲ?”

“ಹೌದು. ನಿನಗೇ ಗೊತ್ತು.”

“ಉಳಿದ ಎರಡೂವರೆ ವಾರ ಏನು ಮಾಡ್ತಿದ್ದೆ?”

ಲೀಲಂಡ್ ನಮೂನೆಯನ್ನು ತನ್ನ ಕಡೆ ಎಳೆದುಕೊಂಡ.

“ವರ್ಲಿನ್, ಒಂಬತ್ತು ಗಂಟೆ ಅಂತ ಅಚ್ಚಾಗಿತ್ತಲ್ಲ ಇಷ್ಟು ವರ್ಷ, ಆಗ ಯಾಕೆ ಕೇಳಲಿಲ್ಲ ನೀನು?”

“ಒಂಬತ್ತು ಅಂದಿದ್ದು ಸರ್ಕಾರ ಕಣಯ್ಯ. ಅದನ್ನ ಯಾರು ನಂಬ್ತಾರೆ? ಅರವತ್ತು ಅಂದಿದ್ದು ನೀನು. ನಿನ್ನ ಮಾತು ನಂಬದೆ ಇರೋಕಾಗುತ್ತಾ?”

“ಅರವತ್ತು ಅಂತ ಮೇಜು ಕುಟ್ಟಿದ್ದು ನೀನೇ ಅಲ್ವಾ?”

“ನಾನು ಹೇಳಿದ್ದು ಕಾಫಿ ಕುಡೀತಾ,” ಎಂದ ವರ್ಲಿನ್, ಬಹಳ ಸಮಾಧಾನದಿಂದ. “ನೀನು ಹೇಳಿದ್ದು ಹೆಸರು ಹಾಕಿ, ವಾಷಿಂಗ್ಟನ್‌ಗೆ. ಈಗ ಅದು ಸುಳ್ಳು ಅಂತೀಯಾ? ಹೇಳು, ಬರೆದು ತಿಳಿಸೋಣ. ಸಾಲದ ಅರ್ಜಿ ಇನ್ನೂ ಅಲ್ಲೇ ಇದೆ.”

ಉಳಿಯುವ ಎರಡೂವರೆ ವಾರ ಮ್ಯಾನೇಜರ್ ಖುದ್ದಾಗಿ ಪಶ್ಚಿಮದ ಲೈನಿನ ಕಂಬಗಳನ್ನು ಒಂದೊಂದಾಗಿ ಪರೀಕ್ಷಿಸಬೇಕೆಂದು ಮಂಡಳಿ ಸರ್ವಾನುಮತದಿಂದ ತೀರ್ಮಾನಿಸಿತು.

ಫೆಬ್ರವರಿಯಲ್ಲಿ ಆರ್ಡಿಸ್ ಅರಿಜೋನಾಕ್ಕೆ ಹೋದಳು. ಎರಡನೇ ಟಿಕೆಟ್ಟಿನಲ್ಲಿ ಬರ್ನಡೀನ್ ಹೋದಳು. ಲೀಲಂಡ್ ಹಗಲೆಲ್ಲ ಸೊಂಟದೆತ್ತರದ ಹಿಮದಲ್ಲಿ ಕಂಬ ತಟ್ಟುತ್ತಿದ್ದ, ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ನಮೂನೆ ಹರಡಿಕೊಳ್ಳುತ್ತಿದ್ದ. ತಿಂಗಳ ಕೊನೆಯ ಭಾನುವಾರ ಆರ್ಡಿಸ್ ಫೋನ್ ಮಾಡಿದಳು. ಹಿಂದೆ ಎಲ್ಲೋ ಬರ್ನಡೀನ್ ನಗುತ್ತಿರುವುದು ಕೇಳಿಸುತ್ತಿತ್ತು.

“ಚಳಿ ಹೇಗಿದೆ?”

ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿತ್ತು. “ಪರವಾಗಿಲ್ಲ.”

“ನಮೂನೆ?”

ಅವನು ಹದಿನೇಳನೇ ಪುಟದ ಕಡೆ ನೋಡಿದ. “ಆಗ್ತಾ ಬಂತು. ಇನ್ನೊಂದು ಇಪ್ಪತ್ತು ಗಂಟೆ ಕೆಲಸ ಇರಬಹುದು, ಅಷ್ಟೆ.”

“ನೀನು ಇಪ್ಪತ್ತು ಅಂದ್ರೆ ಅರವತ್ತು,” ಎಂದಳು ಆರ್ಡಿಸ್.