ನನ್ನ ಉದಯ ಮತ್ತು ಮೂರು ಪಾತ್ರೆ ಗಂಜಿ

ದೊಡ್ಡ ಗಾಯಕಿಯರ ಆರಂಭದ ದಿನಗಳಿಗೆ ಸರಿಯಾದ ದಾಖಲೆಯೇ ಇರುವುದಿಲ್ಲ. ನನ್ನ ಜೀವನಚರಿತ್ರೆ ಬರೆಯುವವರಿಗೆ ಆ ಕಷ್ಟ ಬರಬಾರದೆಂದು ನಾನು ಮೊದಲೇ ಡೈರಿ ಇಟ್ಟೆ. ಮೊದಲ ಪುಟದ ತಲೆಬರಹ ‘ಬಾಲ್ಯ’, ಕೊನೆಯ ಪುಟದ್ದು ‘ಉದಯ’. ನಡುವೆ ದಿನವಾರು ಲೆಕ್ಕ.

‘ಬಾಲ್ಯ’ ಬೇಗ ಮುಗಿಯಿತು. ಊರಿನ ಇಗರ್ಜಿಯ ಗಾಯನ ಮಂಡಳಿಯಲ್ಲಿ ನಾಲ್ಕು ವರ್ಷ. ಮೊದಲ ವರ್ಷ ಮುಂದಿನ ಸಾಲು, ಎರಡನೇ ವರ್ಷ ಹಿಂದಿನ ಸಾಲು, ಮೂರನೇ ವರ್ಷ ಕಂಬದ ಹಿಂದೆ, ನಾಲ್ಕನೇ ವರ್ಷ ಹಾಡಿನ ಪುಸ್ತಕ ಹಂಚುವ ಹುದ್ದೆ.

ಮದುವೆಯಾಗಿ ಸೌದಿಗೆ, ಜಿದ್ದಾದ ಅಜೀಜಿಯಾ ಬಡಾವಣೆಗೆ ಬಂದೆ. ಗಂಡ ಅನಿಲ್ ರಾಬಿಗ್‌ನ ರಿಫೈನರಿಗೆ ಹೋದರೆ ಗುರುವಾರವೇ ವಾಪಸು. ಪ್ರತಿಭೆಗೆ ಇನ್ನೇನು ಬೇಕು? ಫೋನಿನಲ್ಲೇ ಹನ್ನೆರಡು ಪಾಠಗಳ ಸೋಲ್ ಸಂಗೀತದ ಕೋರ್ಸಿಗೆ ಸೇರಿದೆ. ಸೋಲ್ ಎಂದರೆ ಎದೆಯಾಳದ ಸಂಕಟವನ್ನು ಹಾಡುವ ಕಲೆ. ಒಂದೇ ಅಕ್ಷರವನ್ನು ಹಿಡಿದು, ಎಳೆದು, ನಡುಗಿಸಿ, ಕೊನೆಗೆ ಒಡೆದುಬಿಡಬೇಕು. ಒಡೆಯುವುದು ನನಗೆ ಹುಟ್ಟಿನಿಂದಲೇ ಬರುತ್ತಿತ್ತು!

ಅಷ್ಟರಲ್ಲಿ ಮೇಲಿನ ಮಾಳಿಗೆಯ ಹಿರಿಯರು ಹಮೀದಾಕ ಮುಂದಿನ ಶುಕ್ರವಾರಕ್ಕೆ ನಮ್ಮೂರಿನವರ ಕೂಟ ಇಟ್ಟರು. ಊರ ಹೊರಗಿನ ಬಾಡಿಗೆ ತೋಟದಲ್ಲಿ ಊಟ, ಆಟ, ಹಾಡು. ಕಾಡಿ ಬೇಡಿ ನಾನೂ ಐದು ನಿಮಿಷ ಪಡೆದೆ. ವೇದಿಕೆಯ ಮೇಲೆ, ಕಂಬವಿಲ್ಲದ ಜಾಗದಲ್ಲಿ, ನನ್ನ ಮೊತ್ತಮೊದಲ ಐದು ನಿಮಿಷ!

ಭಾನುವಾರ. ಏಳನೇ ಪಾಠ: ‘ನಿಮ್ಮ ನಿಜವಾದ ದುಃಖವನ್ನು ಹಾಡಿ.’ ದುಃಖಗಳ ಪಟ್ಟಿ ಮಾಡಲು ಕುಳಿತೆ. ಅರ್ಧ ಗಂಟೆಯಲ್ಲಿ ಸಿಕ್ಕಿದ್ದು ಒಂದೇ. ಅತ್ತೆ ಊರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ಕಳಿಸಿದ ಬಸಳೆಯ ಬಳ್ಳಿ ಬಾಲ್ಕನಿಯ ಬಿಸಿಲಿಗೆ ಒಣಗಿ ಹೋಗಿತ್ತು. ಸರಿ, ಅದರ ಮೇಲೆಯೇ ಹಾಡು ಕಟ್ಟಿದೆ. ‘ನಿನ್ನೆ ತನಕ ಇದ್ದೆಯಲ್ಲಾ, ಹೇಳದೆ ಹೋದೆಯಲ್ಲಾ, ಒಂದು ಹನಿ ನೀರೂ ಕುಡಿಯದೆ ಹೋದೆಯಲ್ಲಾ!’

ಅಭ್ಯಾಸಕ್ಕೆ ಬಾತ್‌ರೂಮನ್ನು ಆರಿಸಿಕೊಂಡೆ. ಅಲ್ಲಿ ದನಿ ತುಂಬಿ ಬರುತ್ತದೆ. ಅಲ್ಲಿನ ಗಾಳಿಕಿಂಡಿ ನಾಲ್ಕೂ ಮಾಳಿಗೆಗೆ ಒಂದೇ ಎಂಬುದು ಡೈರಿಯಲ್ಲಿ ಇರಲಿಲ್ಲ.

ಸೋಮವಾರ. ಹಾಡಿದ್ದು ಒಂಬತ್ತು ಸಲ. ಬಾಗಿಲು ತಟ್ಟಿದ ಸದ್ದು. ಹಮೀದಾಕನ ಹೆಂಡತಿ ನಫೀಸಕ್ಕ, ಕೈಯಲ್ಲಿ ಒಂದು ಪಾತ್ರೆ ಗಂಜಿ, ಕಣ್ಣು ಒದ್ದೆ.

“ಎಂತ ಹೇಳುವುದು ಲವೀನಾ. ನಮಗೆಲ್ಲ ಕೇಳಿತು.”

“ಮೇಲಿನವರೆಗೂ ಕೇಳಿತಾ ಅಕ್ಕ?”

“ನಾಲ್ಕು ಮಾಳಿಗೆಗೂ! ಹಮೀದಾಕ ಊಟ ಬಿಟ್ಟು ಎದ್ದರು.”

ನನಗೆ ರೋಮಾಂಚನ! “ಇನ್ನೂ ಸರಿಯಾಗಿ ಬರಲಿಲ್ಲ ಅಕ್ಕ. ನಾಳೆ ಇನ್ನೂ ಜೋರು ಮಾಡ್ತೇನೆ.”

ನಫೀಸಕ್ಕ ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡರು. “ಮಾಡು ಮಾರಾಯ್ತಿ. ಒಳಗೆ ಇಟ್ಟುಕೊಳ್ಳಬೇಡ, ಎಲ್ಲ ಹೊರಗೆ ಬರಲಿ.”

“ಏಳನೇ ಪಾಠದಲ್ಲೂ ಹಾಗೇ ಹೇಳಿದ್ದಾರೆ!”

ಅವರು ನನ್ನ ತಲೆ ಸವರಿ, ಇನ್ನಷ್ಟು ಅತ್ತು ಹೋದರು. ಡೈರಿ: ಅಭಿಮಾನಿಗಳು ಒಂದು, ಗಂಜಿ ಒಂದು ಪಾತ್ರೆ.

ಇಲ್ಲಿನ ಒಂದು ಪದ್ಧತಿಯನ್ನು ನಾನು ಮರೆತಿದ್ದೆ. ಊರಿನಿಂದ ಸಾವಿನ ಫೋನ್ ಬಂದ ಮನೆಯಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಹೋದದ್ದು ಯಾರು, ಹೇಗೆ ಎಂದು ಕೇಳಿ ಗಾಯ ಕೆದಕುವುದಿಲ್ಲ. ಮೊದಲು ಗಂಜಿ, ಆಮೇಲೆ ಊರಿಗೆ ಹೋಗಿಬರುವ ವೀಸಾ, ಆಮೇಲೆ ವಿಮಾನ. ಮಾತು ಕೊನೆಗೆ.

ಮಂಗಳವಾರ. ಹಾಡಿದ್ದು ಹದಿನಾಲ್ಕು ಸಲ. ಗಂಜಿ ಮತ್ತೆ ಎರಡು ಪಾತ್ರೆ. ಅಭಿಮಾನಿಗಳು ಹನ್ನೊಂದು. ಹಮೀದಾಕ ಬಾಗಿಲಲ್ಲೇ ನಿಂತು, “ಇಕಾಮಾದ ನಂಬರ್ ಕೊಡು ಮಗಾ. ಉಳಿದದ್ದು ನಾವು ನೋಡಿಕೊಳ್ತೇವೆ” ಎಂದರು. ಇಕಾಮಾ ಎಂದರೆ ಇಲ್ಲಿ ವಾಸಿಸುವ ಪರವಾನಗಿ; ಗಾಯಕರ ಹೆಸರು ನೋಂದಾಯಿಸಲು ಇರಬೇಕೆಂದು ಕೊಟ್ಟೆ.

ಬುಧವಾರ. ಗಂಟಲಿಗೆ ವಿಶ್ರಾಂತಿಯೆಂದು ಫೋನನ್ನು ಕಪಾಟಿನಲ್ಲಿಟ್ಟೆ. ಸಂಜೆ ಬಾಗಿಲು ತೆರೆದರೆ ಇಡೀ ಕಟ್ಟಡವೇ ನಿಂತಿದೆ! ಹೊರಗೆ ಇಪ್ಪತ್ತಮೂರು ಜೊತೆ ಚಪ್ಪಲಿ. ಎಲ್ಲರೂ ತಲೆ ತಗ್ಗಿಸಿ ಹಾಲ್‌ನಲ್ಲಿ ಸಾಲಾಗಿ ಕುಳಿತರು. ಶುಕ್ರವಾರದ ತನಕ ತಡೆಯಲಾರದೆ ಬಂದಿದ್ದಾರೆ ಎಂದುಕೊಂಡೆ. ಕೋಣೆಗೆ ಓಡಿ, ವೇದಿಕೆಗೆಂದು ತೆಗೆದಿಟ್ಟ ಮಿನುಗುವ ಕೆಂಪು ಗೌನು ಹಾಕಿಕೊಂಡು ಬಂದೆ.

“ಪಾಪ, ದುಃಖ ತಲೆಗೆ ಹತ್ತಿದೆ,” ಎಂದು ಯಾರೋ ಪಿಸುಗುಟ್ಟಿದರು.

ಕಣ್ಣು ಮುಚ್ಚಿ ಹಾಡಿದೆ. ಎಳೆದೆ, ನಡುಗಿಸಿದೆ, ಒಡೆದೆ. ಹಾಲ್‌ನಲ್ಲಿ ಬಿಕ್ಕಿ ಬಿಕ್ಕಿ ಅಳು! ಹಮೀದಾಕ ತಮ್ಮ ಮುಂಡಾಸಿನಲ್ಲೇ ಮೂಗು ಒರೆಸಿಕೊಂಡರು. ಇದೇ ಉದಯ! ಕೊನೆಯ ಪುಟದಲ್ಲಿ ಬರೆಯಬೇಕಾದ ವಾಕ್ಯವೂ ಹೊಳೆಯಿತು.

ಆಗ ಅನಿಲ್ ಒಳಗೆ ನುಗ್ಗಿದ. ರಿಫೈನರಿಯ ಎಣ್ಣೆ ಮೆತ್ತಿದ ಅಂಗಿ, ಕೆಂಪು ಕಣ್ಣು. “ಹದಿನೇಳು ಸಲ ಫೋನ್ ಮಾಡಿದೆ! ‘ಕೇಳಬೇಡ, ಬಾ’ ಅಂದರು ಹಮೀದಾಕ. ನಮ್ಮಿಬ್ಬರ ವೀಸಾ ತೆಗೆದಾಯ್ತು. ಹೇಳು ಲವಿ, ಯಾರು?”

“ಯಾರು ಅಂದರೆ?”

“ಹೋದದ್ದು ಯಾರು?”

“ಬಸಳೆ.”

ತಗ್ಗಿದ್ದ ತಲೆಗಳೆಲ್ಲ ಮೇಲೆದ್ದವು.

“ಬಸಳೆ ಅಂದರೆ,” ನಫೀಸಕ್ಕ ಮೆಲ್ಲಗೆ ಕೇಳಿದರು, “ನಿನ್ನ ದೊಡ್ಡಮ್ಮನಾ?”

“ಅಲ್ಲ ಅಕ್ಕ. ಬಾಲ್ಕನಿಯದ್ದು.”

ಮೊದಲು ನಕ್ಕದ್ದು ಅನಿಲ್. ಅಮ್ಮನೋ ಅಪ್ಪನೋ ಎಂದು ದಾರಿಯುದ್ದಕ್ಕೂ ಅಳುತ್ತಾ ಬಂದವನು ನೆಲದ ಮೇಲೆಯೇ ಕುಳಿತು ಹೊಟ್ಟೆ ಹಿಡಿದು ನಕ್ಕ. ಹಮೀದಾಕ ಮುಂಡಾಸನ್ನು ನೋಡಿಕೊಂಡರು. “ಒಂದು ಕಟ್ಟು ಸೊಪ್ಪಿಗೆ ನಾನು ಮೂರು ದಿನ ಅತ್ತೆನಾ!” ಎಂದವರು ಎಲ್ಲರಿಗಿಂತ ಜೋರಾಗಿ ನಕ್ಕರು. ಉಳಿದ ಗಂಜಿಯನ್ನು ಬಿಸಿ ಮಾಡಿ, ಉಪ್ಪಿನಕಾಯಿ ನಂಜಿಕೊಂಡು ಇಪ್ಪತ್ತಮೂರು ಮಂದಿ ಉಂಡರು.

ನಾನು ಮಾತ್ರ ಧೈರ್ಯ ಬಿಡಲಿಲ್ಲ. “ಹೇಗೂ ನೀವೆಲ್ಲ ಅತ್ತಿರಲ್ಲ. ಶುಕ್ರವಾರ ವೇದಿಕೆಯಲ್ಲಿ ಇದನ್ನೇ ಹಾಡ್ತೇನೆ!”

ಹಮೀದಾಕ ತುತ್ತು ನಿಲ್ಲಿಸಿದರು. “ಯಾವ ಶುಕ್ರವಾರ? ಕೂಟ ಕ್ಯಾನ್ಸಲ್ ಮಾಡಿದೆವಲ್ಲ. ತೋಟವನ್ನೂ ಬೇರೆಯವರಿಗೆ ಕೊಟ್ಟಾಯ್ತು.”

“ಯಾಕೆ?”

“ಎಂತ ಯಾಕೆ? ನಿನ್ನ ಮನೆಯಲ್ಲಿ ಸಾವು ಆದಾಗ ನಾವು ಹಾಡಿ ಕುಣಿಯುವುದಾ?”

ನನ್ನ ಮೊದಲ ಕಾರ್ಯಕ್ರಮ ನನ್ನದೇ ಹಾಡಿನ ಶೋಕಾಚರಣೆಗಾಗಿ ರದ್ದಾಗಿತ್ತು!

ಮರುದಿನ ನಫೀಸಕ್ಕ ಮೊಸರಿನ ಡಬ್ಬಿಯಲ್ಲಿ ಒಂದು ಬಸಳೆಯ ಕಡ್ಡಿ ನೆಟ್ಟು ತಂದುಕೊಟ್ಟರು. “ನೆರಳಿನಲ್ಲಿಡು. ದಿನಾ ನೀರು ಹಾಕು. ಇದೂ ಸತ್ತರೆ ಬಂದು ಬಾಯಲ್ಲಿ ಹೇಳು ಮಾರಾಯ್ತಿ. ಹಾಡಬೇಡ.”

‘ಉದಯ’ದ ಪುಟ ಖಾಲಿ ಇತ್ತು. ಲೆಕ್ಕ ಇಡುವವಳಿಗೆ ಖಾಲಿ ಪುಟ ಸಹಿಸಲಾಗುವುದಿಲ್ಲ. ಈಗ ಅಲ್ಲಿ ದಿನಾ ಬರೆಯುತ್ತಿದ್ದೇನೆ. ಸೋಮವಾರ, ಎಲೆ ಎರಡು. ಬುಧವಾರ, ಎಲೆ ಮೂರು. ಶುಕ್ರವಾರ, ಎಲೆ ಐದು.

ನನ್ನ ಮನೆಯಿಂದ ಮೇಲೇರುತ್ತಿರುವವರು ಸದ್ಯಕ್ಕೆ ಬಸಳೆಯವರೊಬ್ಬರೇ.